ಕುವೈತಿನಲ್ಲಿ ದಾಟಿದ ನದಿ

ಕುವೈತಿನ ಮಹಬೂಲಾದಲ್ಲಿದ್ದ ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಮಂಗಳೂರು ಕಡೆಯ ಡ್ರೈವರೊಬ್ಬರಿದ್ದರು. ಶುವೈಖ್ ಬಂದರಿನಿಂದ ಮೀನು ಸಾಗಿಸುವ ಫ್ರೀಜರ್ ಲಾರಿ ಅವರದು. ಬಾಗಿಲಿಗೆ ಅಂಗೈ ಒತ್ತಿ ತಂಪು ನೋಡದೆ ಎಂದೂ ಹೊರಟವರಲ್ಲ. "ಸಾಮಾನು ಕರಗ್ಬಾರ್ದು ಅಕ್ಕ, ಅಷ್ಟೇ" ಎನ್ನುತ್ತಿದ್ದರು.

ನನ್ನ ಮಗಳು ಶಾಲೆಯ ಪ್ರದರ್ಶನಕ್ಕೆ ಕೆನಡಾದ ಮೆಕೆಂಜಿ ನದಿಯ ಮಾದರಿ ಮಾಡಬೇಕಿತ್ತು. ಕಾಡುಗಳ ನಡುವೆ ಉತ್ತರಕ್ಕೆ ಹರಿದು ಹಿಮಸಾಗರ ಸೇರುವ ನದಿ. ಬೇಸಿಗೆಯಲ್ಲಿ ಅಲ್ಲಿ ಸರಕಿನ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆಯೇ ಲಾರಿ.

"ನದಿ ಮೇಲೆ ಲಾರಿಯಾ? ಮುಳುಗುದಿಲ್ವಾ?" ಎಂದು ಮೂರು ಸಲ ಕೇಳಿದ ಡ್ರೈವರು, ಸಂಜೆ ಲಾರಿಯೊಳಗೆ ಮೀನಿನ ಟ್ರೇಗಳನ್ನು ಸಾಲಾಗಿ ಜೋಡಿಸಿ ನೀರು ತುಂಬಿ ಹೆಪ್ಪುಗಟ್ಟಲು ಬಿಟ್ಟರು.

ಪ್ರದರ್ಶನದ ದಿನ ಸುಡುಬಿಸಿಲು. ಅವರು ಲಾರಿಯನ್ನೇ ಶಾಲೆಯ ಅಂಗಳಕ್ಕೆ ತಂದು ಹಿಂಬಾಗಿಲು ತೆರೆದರು. ಒಳಗೆ ಈ ತುದಿಯಿಂದ ಆ ತುದಿಗೆ ಬೆಳ್ಳನೆಯ ನದಿ, ಅದರ ಮೇಲೆ ಮಗಳ ಆಟಿಕೆ ಲಾರಿ.

ಭೂಗೋಳದ ಟೀಚರ್ ಇಣುಕಿ, "ಇದು ಗ್ಲಾಸ್ ಅಲ್ವಾ?" ಎಂದರು.

ಡ್ರೈವರಿಗೆ ಕೋಪ ಬಂತು. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಮಂಜುಗಡ್ಡೆಯ ಮೇಲೆ ನಡೆದು ಆಚೆ ತುದಿಯಲ್ಲಿ ನಿಂತರು. "ಲೋಡ್ ದಾಟಿತು ಟೀಚರ್. ಖಲಾಸ್! ಇನ್ನು ನೀವು ಬನ್ನಿ!"

ನದಿಯೇ ಇಲ್ಲದ ಕುವೈತಿನಲ್ಲಿ ಅಂದು ಇಡೀ ತರಗತಿ ಬೂಟು ಕಳಚಿ, ಕಿರುಚುತ್ತ ನದಿ ದಾಟಿತು. ಕೊನೆಯಲ್ಲಿ, ಸೀರೆ ಎತ್ತಿ ಹಿಡಿದು, ಟೀಚರೂ.