ಬಿಸಿ ರೊಟ್ಟಿಗೊಂದು ರಿಸಾರ್ಟು

ವಿಶ್ರಾಂತಿಗೆಂದು ಎಲ್ಲಿಗಾದರೂ ಹೋಗಬೇಕು ಎಂಬ ವಿಚಾರ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರ ತಲೆಗೂ ಬಂದಿರಲಿಲ್ಲ. ನಮ್ಮ ಬೈಲಹೊಂಗಲದ ಕಡೆ ಮನುಷ್ಯ ಊರು ಬಿಡಬೇಕಾದರೆ ಗಟ್ಟಿ ಕಾರಣ ಬೇಕು. ಲಗ್ನ, ಸತ್ತವರ ಮಣ್ಣು, ಕೋರ್ಟಿನ ತಾರೀಖು, ಸವದತ್ತಿ ಗುಡ್ಡದ ಎಲ್ಲಮ್ಮನಿಗೆ ಹೊತ್ತ ಹರಕೆ, ಇಷ್ಟಕ್ಕೆ ಬಸ್ಸು ಹತ್ತಬಹುದು. ಸುಮ್ಮನೆ ಕೂಡುವುದಕ್ಕೆಂದು ಬಸ್ಸು ಹತ್ತಿದವನನ್ನು ಜನ ಸಂಶಯದಿಂದ ನೋಡುತ್ತಾರೆ. ಸುಮ್ಮನೆ ಕೂಡಲು ಮನೆಯ ಮುಂದೆ ಕಟ್ಟೆ ಇರುವಾಗ ಜೀಪು ಬಾಡಿಗೆ ಮಾಡಿಕೊಂಡು ಹೋಗುವವನಿಗೆ ಏನೋ ಆಗಿರಬೇಕು ಎಂದೇ ಲೆಕ್ಕ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ವರ್ಷಕ್ಕೊಮ್ಮೆ ಮಕ್ಕಳನ್ನು ಕಿತ್ತೂರಿನ ಕೋಟೆಗೆ ಕರೆದುಕೊಂಡು ಹೋಗಿ, ಮೊಂಡು ಗೋಡೆಗಳ ನಡುವೆ ನಿಂತು ಇಲ್ಲಿ ಹೀಗಿತ್ತು, ಅಲ್ಲಿ ಹಾಗಿತ್ತು ಎಂದು ಗಂಟಲು ಹರಿದುಕೊಳ್ಳುತ್ತೇನೆ. ಆ ಅರಸು ಮನೆತನದವರು ಕೂಡ ಊರು ಬಿಟ್ಟರೆ ದಂಡು ಕಟ್ಟಿಕೊಂಡೇ ಬಿಡುತ್ತಿದ್ದರು. ಎರಡು ದಿನ ಮೈ ಚೆಲ್ಲಿ ಬರೋಣ ಎಂದು ಹೊರಟ ದಾಖಲೆ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಇಂಥ ಪರಂಪರೆಯ ನೆಲದಲ್ಲಿ ಹುಟ್ಟಿಯೂ ನಾನು ರಿಸಾರ್ಟಿಗೆ ಹೋಗುವ ಯೋಚನೆ ಮಾಡಿದೆನೆಂದರೆ ಅದಕ್ಕೆ ಒಂದು ರೊಟ್ಟಿ ಕಾರಣ.

ಜೋಳದ ರೊಟ್ಟಿ ಉಣ್ಣುವ ನಾಡಿನಲ್ಲಿ ಯಾರೂ ಬರೆಯದ ಒಂದು ಕಾನೂನು ಇದೆ. ಹಂಚಿನ ಮೇಲೆ ಉಬ್ಬಿದ ರೊಟ್ಟಿ ಆರುವ ಮೊದಲೇ ಉಣ್ಣುವವನ ತಾಟಿಗೆ ಬೀಳಬೇಕು. ಅಂದಮೇಲೆ ಬಡಿಯುವವಳು ಉಣ್ಣುವವರ ಜೊತೆ ಕೂಡುವುದು ಸಾಧ್ಯವಿಲ್ಲ. ಎಲ್ಲರೂ ತೇಗಿ ಎದ್ದ ಮೇಲೆ, ಹಂಚು ಇಳಿಸಿದ ಮೇಲೆ, ಅವಳ ಪಾಳಿ. ಅಷ್ಟೊತ್ತಿಗೆ ಬುಟ್ಟಿಯಲ್ಲಿ ಉಳಿದದ್ದು ತಣ್ಣಗಾಗಿ ತೊಗಲಿನಂತಾಗಿರುತ್ತದೆ. ನನ್ನ ಹೆಂಡತಿ ಸುಶೀಲಾ ರಾಮದುರ್ಗದಿಂದ ಮದುವೆಯಾಗಿ ಬಂದಾಗಿನಿಂದ ಅದನ್ನೇ ಉಂಡುಕೊಂಡು ಬಂದಿದ್ದಾಳೆ. ಮನೆಗೆ ಗ್ಯಾಸು ಬಂತು, ಮಿಕ್ಸರ್ ಬಂತು, ಬಣ್ಣದ ಟೀವಿ ಬಂತು. ಆ ಕಾನೂನಿಗೆ ಮಾತ್ರ ತಿದ್ದುಪಡಿ ಬರಲಿಲ್ಲ. ನನ್ನ ಅವ್ವನೂ ತನ್ನ ಕಾಲದಲ್ಲಿ ತಣ್ಣನೆಯ ರೊಟ್ಟಿಯನ್ನೇ ಉಂಡವಳಾದ್ದರಿಂದ ಅವಳಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಒಂದು ರವಿವಾರ ಮಧ್ಯಾಹ್ನ, ಊಟ ಗಡದ್ದಾಗಿ ಆದ ಖುಷಿಯಲ್ಲಿ, ಅಡಕೆ ಬಾಯಿಗೆ ಹಾಕಿಕೊಂಡು ಕೇಳಿದೆ: "ಅಲ್ಲಾ, ನಿನಗ ಏನರ ಬೇಕು ಅಂತ ಅನಸತೈತೇನ?"

ಸೀರೆ ಕೇಳಿಯಾಳು, ಬಹಳವೆಂದರೆ ಬಳೆ ಕೇಳಿಯಾಳು ಎಂದುಕೊಂಡಿದ್ದೆ. ಅವಳು ಹಿಟ್ಟಿನ ಕೈ ತೊಳೆಯುತ್ತ ಅಂದಳು: "ಒಮ್ಮೆ ಹಂಚಿನ ಮ್ಯಾಲಿನ ರೊಟ್ಟಿ ಕುಂತು ಉಣಬೇಕು ಅನಸತೈತ್ರಿ. ನಡುವ ಯಾರೂ ನೀರ ತಾ, ಉಪ್ಪ ತಾ ಅನಬಾರದು. ಅಷ್ಟ."

ಓದಿಕೊಂಡ ಗಂಡಸಿನದು ಇದೇ ಪೀಕಲಾಟ. ಎದುರಿಗೆ ಇದ್ದದ್ದು ಅವನಿಗೆ ಕಾಣುವುದಿಲ್ಲ, ಅದರ ಹಿಂದಿನ ತತ್ವ ಮೊದಲು ಕಾಣುತ್ತದೆ. ನಾನು ರಾತ್ರಿಯೆಲ್ಲ ಯೋಚಿಸಿದೆ. ಇವಳು ರೊಟ್ಟಿ ಕೇಳುತ್ತಿಲ್ಲ, ದಣಿದಿದ್ದಾಳೆ. ದಣಿವಿಗೆ ಮದ್ದು ವಿಶ್ರಾಂತಿ. ವಿಶ್ರಾಂತಿ ಸಿಗುವ ಸ್ಥಳ ರಿಸಾರ್ಟು. ಹೀಗೆ ಒಂದು ರೊಟ್ಟಿ ಕೇಳಿದವಳಿಗೆ ಈಜುಕೊಳ ಕೊಡಿಸಲು ನಿರ್ಧರಿಸಿದೆ. ಎದ್ದು ಹೋಗಿ ನಾನೇ ಹಂಚು ಇಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಾನು ಬಡಿದ ರೊಟ್ಟಿಯನ್ನು ನೀವು ನೋಡಿಲ್ಲ.

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಎಲ್ಲಿಂದಲೋ ಒಂದು ಬಣ್ಣದ ಕರಪತ್ರ ತಂದುಕೊಟ್ಟರು. ಕಿತ್ತೂರು ದಾಟಿ ಅಳ್ನಾವರದ ಆಚೆ ಕಾಡಿನ ಅಂಚಿಗೆ ಹೊಸದಾಗಿ ಆಗಿರುವ ರಿಸಾರ್ಟು. ನೀಲಿ ನೀರಿನ ಕೊಳ, ಹುಲ್ಲು ಹೊದಿಸಿದ ಕೋಣೆಗಳು, ಎರಡು ಮರಗಳ ನಡುವೆ ಕಟ್ಟಿದ ಬಲೆಯಲ್ಲಿ ಮಲಗಿ ಪುಸ್ತಕ ಓದುತ್ತಿರುವ ಒಬ್ಬ ಹೆಣ್ಣುಮಗಳು. ಅವ್ವ ಆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇಷ್ಟ ದೊಡ್ಡಾಕಿನ್ನ ತೊಟ್ಟಲದಾಗ ಹಾಕ್ಯಾರಲ್ಲೋ, ಆರಾಮಿಲ್ಲೇನ ಆಕಿಗೆ?" ಎಂದು ಕಳವಳಪಟ್ಟಳು.

ಮೊಬೈಲು ಇನ್ನೂ ಮಾಸ್ತರರ ಜೇಬಿಗೆ ಇಳಿದಿರದ ಕಾಲ. ಮನೆಯ ಫೋನಿನಿಂದಲೇ ರಿಸಾರ್ಟಿಗೆ ಮಾತಾಡಿದೆ. ಆ ಕಡೆಯ ಹುಡುಗಿ ಬೆಂಗಳೂರಿನ ಇಂಪಾದ ಕನ್ನಡದಲ್ಲಿ ಎಲ್ಲ ವಿವರಿಸಿದಳು. "ಬಂದು ಅಲ್ಲಿ ಏನು ಮಾಡಬೇಕಾಗತೈತ್ರಿ?" ಎಂದು ಕೇಳಿದೆ. "ಏನೂ ಮಾಡಬೇಕಾಗಿಲ್ಲ ಸರ್," ಅಂದಳು. ಏನೂ ಮಾಡದೆ ಇರುವುದಕ್ಕೆ ಮುಂಗಡ ಕಳಿಸಬೇಕಂತೆ, ಕಳಿಸಿದ ಮೇಲೆ ಅದು ಮರಳಿ ಬಾರದಂತೆ. ಕಳಿಸಿದೆ.

ಅಲ್ಲಿಂದ ಶುರುವಾಯಿತು ವಿಶ್ರಾಂತಿಯ ಸಿದ್ಧತೆ. ಊಟ ಅವರೇ ಹಾಕುತ್ತಾರೆ ಎಂದು ನಾನು ಎಷ್ಟು ಸಾರಿ ಹೇಳಿದರೂ ಮನೆಯಲ್ಲಿ ಯಾರೂ ನಂಬಲಿಲ್ಲ. ಗುರುತಿಲ್ಲದವರು ಮೂರು ಹೊತ್ತು ಕರೆದು ಉಣಿಸುತ್ತಾರೆ ಎಂಬ ಮಾತೇ ಅವ್ವನಿಗೆ ಮೋಸದಂತೆ ಕೇಳಿಸಿತು. ನಮ್ಮಲ್ಲಿ ಬುತ್ತಿ ಕಟ್ಟದೆ ಹೊಸ್ತಿಲು ದಾಟುವ ರೂಢಿ ಇಲ್ಲ. ಸುಶೀಲಾ ಕಡಕ್ ರೊಟ್ಟಿ ಬಡಿದಳು, ಶೇಂಗಾ ಹೋಳಿಗೆ ಮಾಡಿದಳು, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ ಕುಟ್ಟಿದಳು. ನೆರೆಮನೆಯ ಗಂಗಕ್ಕ ಬಂದು ಕೈಜೋಡಿಸಿದಳು. ಸುಶೀಲಾಳ ವಿಶ್ರಾಂತಿಗಾಗಿ ಸುಶೀಲಾ ಅಷ್ಟು ದಣಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಎಲ್ಲ ಸಿದ್ಧವಾದಾಗ ಅವ್ವ ಬಾಂಬು ಹಾಕಿದಳು. ನಾವು ಎಲ್ಲಿಗೆ ಹೋದರೂ ಮನೆಯಲ್ಲಿ ಉಳಿಯುವವಳು ಅವ್ವ. ಮನೆಗೆ ಕೀಲಿ ಹಾಕಿ, ಸಂಜೆ ದೀಪವಿಲ್ಲದಂತೆ ಬಿಟ್ಟು ಹೋಗಬಾರದು ಎನ್ನುವುದು ಅವಳ ನಿಯಮ. ಅದನ್ನು ಕಾಯುವವಳೂ ಅವಳೇ. ಈ ಸಾರಿ ಮಾತ್ರ ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದಿಟ್ಟುಕೊಂಡು, "ನಾನೂ ಬರತೇನಿ. ಆ ರಿಸಾಟ ಅಂಬೂದು ಹೆಂಗಿರತೈತಿ ಒಮ್ಮೆ ನೋಡಿಬಿಡತೇನಿ," ಅಂದಳು.

"ಮತ್ತ ದೀಪ?" ಎಂದೆ. "ಗಂಗಕ್ಕ ಹಚ್ಚಲಿ?"

"ಮನಿ ದೀಪ ಮನಿಯವರ ಹಚ್ಚಬೇಕು," ಎಂದಳು ಅವ್ವ. ನಿಯಮ ಸಡಿಲಾಗಲಿಲ್ಲ, ಸೀರೆಯೂ ಟ್ರಂಕಿಗೆ ಮರಳಲಿಲ್ಲ.

ಅಡುಗೆಮನೆಯಿಂದ ಸುಶೀಲಾ ಬಂದಳು. "ನಾ ಇರತೇನಿ. ನೀವು ಹೋಗಿ ಬರ್ರಿ. ಅತ್ತಿಯವರು ಎಲ್ಲೆ ಹೋಗ್ಯಾರ ಪಾಪ."

ಹಂದರವಾಯಿತು, ಊಟವಾಯಿತು, ಮದುಮಗಳೇ ಇಲ್ಲ ಎಂದರೆ ಹೇಗೆ? ಬೇಡ, ಯಾರೂ ಹೋಗುವುದು ಬೇಡ ಎಂದೆ. ನೀನು ಬಂದರಷ್ಟೇ ಜೀಪು ಎಂದೆ. ಮಗಳು ಗೌರಿಯೂ ಅವಳ ಸೆರಗು ಹಿಡಿದು ಜಗ್ಗಿದಳು. ಸುಶೀಲಾ ಪ್ರತಿ ಸಾರಿಯೂ "ಇಲ್ಲ್ರಿ, ನೀವು ಹೋಗಿ ಬರ್ರಿ" ಎಂದೇ ಅಂದಳು. ಎಂಥ ತ್ಯಾಗ ಎಂದು ನನ್ನ ಕಣ್ಣು ತೇವವಾಯಿತು. ಅವಳ ಕಣ್ಣು ಒಣಗಿಯೇ ಇತ್ತು ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಅಂತೂ ಹೊರಟೆವು. ಅವ್ವ ಮುಂದಿನ ಸೀಟಿನಲ್ಲಿ, ಬುತ್ತಿಯ ಗಂಟು ಅವಳ ತೊಡೆಯ ಮೇಲೆ. ರಿಸಾರ್ಟಿನ ಬಾಗಿಲಲ್ಲಿ ಕಾವಲುಗಾರ ಗಂಟನ್ನು ನೋಡಿ ನಮಸ್ಕಾರ ಮಾಡಿ, ಹೊರಗಿನ ಊಟ ಒಳಗೆ ಬಿಡುವಂತಿಲ್ಲ ಎಂದ. ಗಂಟು ಆಫೀಸಿನ ಕಪಾಟು ಸೇರಿತು. ಅವ್ವ ಅದರ ಕಡೆಗೇ ಹೊರಳಿ ಹೊರಳಿ ನೋಡುತ್ತ ಒಳಗೆ ಬಂದಳು. ಗೌರಿ ಕೊಳದ ಕಡೆ ಓಡಿದಳು. ಕೊಳ ನೋಡಿದ ಅವ್ವ, ನವಿಲುತೀರ್ಥದ ಅಣೆಕಟ್ಟಿನ ನೀರು ಕಂಡ ಮುನವಳ್ಳಿಯ ಮಗಳು, "ಇದರಾಗ ಎಮ್ಮಿ ಮೈ ಸೈತ ತೊಳಿಯಾಕ ಆಗೂದಿಲ್ಲ," ಎಂದು ತೀರ್ಪು ಕೊಟ್ಟು ಊಟದ ಮನೆಗೆ ನಡೆದಳು.

ಇಲ್ಲಿ ನಮ್ಮ ಸೀಮೆಯ ಉಪಚಾರದ ಬಗ್ಗೆ ಒಂದು ಮಾತು ಹೇಳಬೇಕು. ದೇವರಿಗೆ ಹದಿನಾರು ಉಪಚಾರ ಎಂದು ಶಾಸ್ತ್ರ ಹೇಳುತ್ತದೆ. ಮನುಷ್ಯನಿಗೆ ನಮ್ಮಲ್ಲಿ ಹದಿನೇಳು. ಹದಿನೇಳನೆಯದು ಒತ್ತಾಯ. ಬೀಗರ ಮನೆಯಲ್ಲಿ "ಇನ್ನೊಂದು ಹಾಕಲ್ಯಾ?" ಎಂದ ಕೂಡಲೇ "ಹಾಕ್ರಿ" ಎನ್ನುವವನು ಹೊಟ್ಟೆಬಾಕ. ಮರ್ಯಾದಸ್ಥ ಬೇಡ ಎನ್ನಬೇಕು. ಬಡಿಸುವವರು ಮತ್ತೆ ಕೇಳಬೇಕು. ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು. ಬೆರಳುಗಳ ಸಂದಿಯಿಂದ ತುಪ್ಪ ಬೀಳಬೇಕು. ಆಗಲೇ ಊಟ ಊಟ. ದೇವರು ಬೇಡ ಎನ್ನುವುದಿಲ್ಲವಾದ್ದರಿಂದ ಅವನಿಗೆ ಹದಿನಾರರಲ್ಲೇ ಮುಗಿಯುತ್ತದೆ.

ನಾನು ಕೊಳದಲ್ಲಿದ್ದ ಗೌರಿಯನ್ನು ಕರೆತರಲು ಹೋದಾಗ ಅವ್ವ ಮೇಜಿನ ಮುಂದೆ ಒಬ್ಬಳೇ ಕೂತಿದ್ದಳು. ಒಬ್ಬ ವೇಟರ್ ತಟ್ಟೆ ಹಿಡಿದು ಬಂದು, "ಅಜ್ಜಿ, ತಗೋತೀರಾ?" ಎಂದು ಕೇಳಿದನಂತೆ. ಅವ್ವ ಮರ್ಯಾದೆಯಿಂದ "ಬ್ಯಾಡಪಾ" ಎಂದಳಂತೆ. ಅವನು "ಓಕೆ ಅಜ್ಜಿ" ಎಂದು ನಕ್ಕು ಹೊರಟೇಹೋದನಂತೆ! ಇನ್ನೊಬ್ಬ ಸಾರು ತಂದ, "ಸಾಕಪಾ" ಎಂದಳು, ಅವನೂ ಹೋದ. ನಾನು ಮರಳಿ ಬರುವ ಹೊತ್ತಿಗೆ ಅವ್ವ ಖಾಲಿ ಮೇಜಿನ ಮುಂದೆ ಹಸಿದು ಕೂತಿದ್ದಳು, ಮುಖ ಕೆಂಪಗಾಗಿತ್ತು.

"ಬ್ಯಾಡ ಅಂದ್ರ ಹೋಗೇ ಬಿಡೂದೇನೋ? ಇವರಿಗೆ ತಂದಿ ತಾಯಿ ಕಲಿಸಿಲ್ಲೇನ?"

ಇಲ್ಲಿ ನಾವೇ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಹಾಕಿಕೊಳ್ಳಬೇಕವ್ವ ಎಂದೆ. ಕೇಳದೆ, ಕರೆಯದೆ, ನಾವಾಗಿಯೇ ಹೋಗಿ ಬಡಿಸಿಕೊಳ್ಳುವುದೇ ಎಂದು ಅವಳು ಕಿವಿ ಮುಚ್ಚಿಕೊಂಡಳು. ಹಾಗಾದರೆ ನಾನೇ ತಂದು ಬಡಿಸುತ್ತೇನೆ ಎಂದೆ. "ನೀ ಇಲ್ಲಿ ಬಂದಾಂವ. ಬಂದಾಂವ ಬಂದವರಿಗೆ ಬಡಸತಾನೇನ? ನಂದು ಊಟ ಆತು, ಹೋಗ," ಎಂದು ಮುಖ ತಿರುಗಿಸಿದಳು. ಸಿಟ್ಟು ಅವಳ ಹಸಿವೆಗಿಂತ ಒಂದು ತೂಕ ಹೆಚ್ಚೇ ಇತ್ತು.

ದಿಕ್ಕು ತೋಚದೆ ಆಫೀಸಿನ ಫೋನಿನಿಂದ ಮನೆಗೆ ಮಾತಾಡಿದೆ. ಪಾಪ, ಸುಶೀಲಾ ಒಬ್ಬಳೇ ಕೂತು ನಮ್ಮನ್ನು ನೆನೆಯುತ್ತಿರಬಹುದು. ಅವಳಿಗೂ ಸಮಾಧಾನ, ನನಗೂ ಸಲಹೆ. ಬಹಳ ಹೊತ್ತು ಗಂಟೆ ಹೊಡೆದುಕೊಂಡ ಮೇಲೆ ಸುಶೀಲಾ ಎತ್ತಿದಳು. ಬಾಯಿ ತುಂಬಿದ ದನಿ. ಹಿಂದಿನಿಂದ ಪಟಪಟ ರೊಟ್ಟಿ ಬಡಿಯುವ ಸಪ್ಪಳ.

"ಯಾರು ಬಡಿಯಾಕತ್ತಾರ?"

"ಗಂಗಕ್ಕ ರೀ. ಈಗ ಆಕಿ ಪಾಳಿ, ನಾ ಕುಂತು ಉಣ್ಣಾಕತ್ತೇನಿ. ಮುಂಜಾನೆ ನಾ ಬಡದೆ, ಆಕಿ ಉಂಡ್ಲು. ಬೆಣ್ಣಿ ಕೊಟ್ಟಾಳ, ಬದನಿಕಾಯಿ ಎಣಗಾಯಿ ಮಾಡೇವಿ. ನೀವು ಎಲ್ಲಾರೂ ಆರಾಮ ಅದೀರಿಲ್ಲ? ಆಮ್ಯಾಗ ಮಾತಾಡೂಣು ರೀ, ರೊಟ್ಟಿ ಆರತೈತಿ."

ಫೋನು ಇಟ್ಟೇಬಿಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಮಾತು ತುಂಡರಿಸಿದ್ದು ಅದೇ ಮೊದಲು. ಒಂದು ಕ್ಷಣ ಅವಮಾನವಾಯಿತು. ಮರುಕ್ಷಣ ನಗು ಬಂತು. ಆಮೇಲೆ, ಸುಳ್ಳೇಕೆ ಹೇಳಲಿ, ಬಹಳ ಸಂತೋಷವಾಯಿತು. ರಿಸಾರ್ಟು ನಾನು ಗೊತ್ತು ಮಾಡಿದ್ದು ಅವಳಿಗಾಗಿಯೇ. ಅದಕ್ಕೆ ಅವಳು ಬರುವ ಅಗತ್ಯವಿರಲಿಲ್ಲ, ನಾವು ಬಂದರೆ ಸಾಕಾಗಿತ್ತು.

ಹೋಗಿ ಅವ್ವನಿಗೆ ಹೇಳಿದೆ. ಬಿಸಿ ರೊಟ್ಟಿ, ಬೆಣ್ಣೆ ಎಂದದ್ದಕ್ಕೆ ಅವಳು ಒಂದು ಸಾರಿ ಉಗುಳು ನುಂಗಿದ್ದು ಕಾಣಿಸಿತು. ನನಗೆ ತಡೆಯಲಾಗಲಿಲ್ಲ. "ನಿನಗ ಹಸಿವಾಗೇತಿ ಅವ್ವಾ. ನಡಿ, ಈಗ ಹೊಂಟ್ರ ಸಂಜೀಕ ಮನಿ ಮುಟ್ಟತೇವಿ. ಬಿಸಿ ರೊಟ್ಟಿ ಉಣ್ಣುವಂತಿ."

ಅವ್ವ ಕೊಳದ ನೀಲಿ ನೀರಿನ ಕಡೆ ಮುಖ ಹೊರಳಿಸಿದಳು.

"ಈಗ ಹೋದ್ರ ಆಕಿ ಮತ್ತ ಹಂಚಿನ ಮುಂದ ಕುಂದರಬೇಕಲ್ಲೋ," ಅಂದಳು. "ನಾಳಿನೂ ಇಲ್ಲೇ ಇರೂಣು. ಉಣ್ಣಲಿ."

ಆಮೇಲೆ ಎದ್ದಳು. ಇಳಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಯಾರೂ ಕರೆಯಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ತಾನೇ ಹೋಗಿ ಒಂದು ತಟ್ಟೆ ಎತ್ತಿಕೊಂಡು, ಚಡ್ಡಿ ಹಾಕಿಕೊಂಡಿದ್ದ ಒಬ್ಬ ದೊಡ್ಡ ಮನುಷ್ಯನ ಹಿಂದೆ, ಸಾಲಿನಲ್ಲಿ ನಿಂತಳು.