ಬೀಗರ ಪಾಳಿ

ಹನ್ನೊಂದೂ ಕಾಲು. ಫೋಟೊ ತೆಗೆಯುವ ಮುನ್ನ ಗಡಿಯಾರ ನೋಡಿಕೊಂಡಿದ್ದೆ, ಹಾಗಾಗಿ ಆ ಹೊತ್ತು ನನಗೆ ನೆನಪಿದೆ. ಕೆಡುಕು ಶುರುವಾದದ್ದು ಆ ಗಳಿಗೆಯಲ್ಲೇ ಎಂದು ತಿಳಿದದ್ದು ಮಾತ್ರ ಆಮೇಲೆ. ಆಗ ನಾವು ಮೂವರೂ ನಗುತ್ತಿದ್ದೆವು.

ಮೊನ್ನೆ ಚಿತ್ತಾಪುರದಲ್ಲಿ ನಮ್ಮ ಪಕ್ಕದ ಮನೆಯವರು ಪಡಸಾಲೆಗೆ ಹೊಸ ನೆಲ ಹಾಕಿಸುತ್ತಿದ್ದರು. ಗೌಂಡಿಗಳು ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿಕಲ್ಲಿಗೆ ನೀರು ಬಿಡುತ್ತ ಮಷೀನಿನಿಂದ ಕೊಯ್ಯುತ್ತಿದ್ದರು. ಪಾಠ ಹೇಳಲು ಕಾಲೇಜಿಗೆ ಹೊರಟವಳು ಬಾಗಿಲು ದಾಟುತ್ತಿದ್ದಂತೆ ಆ ವಾಸನೆ ಬಂತು. ಒದ್ದೆ ಕಲ್ಲು ಒಡೆದಾಗ ಬರುವ, ಹಸಿ ಸುಣ್ಣದಂಥ, ಮೂಗಿನೊಳಗೆ ತಣ್ಣಗೆ ಕೂತುಬಿಡುವ ವಾಸನೆ... ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಪಕ್ಕದ ಮನೆಯಾಕೆ ನೀರು ತಂದುಕೊಟ್ಟು, ಬಿಸಿಲಿಗೆ ಹಿಂಗಾಗಿರಬೇಕು ಎಂದರು. ಹೌದೆಂದೆ.

ಆ ಮೂವರಲ್ಲಿ ಹಿರಿಯರಾದ ಸರ್ ಶಹಾಬಾದಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಅವರ ಅಜ್ಜ, ಮುತ್ತಜ್ಜ ಎಲ್ಲ ಕಲ್ಲಿನ ವ್ಯಾಪಾರದವರು. ಮನೆತನದಲ್ಲಿ ಕಲ್ಲು ಮಾರದೆ ಕಲ್ಲು ಓದಿದವರು ಅವರೊಬ್ಬರೇ. ನಾನು ಆಗ ಸೇಡಂನಿಂದ ಓಡಾಡುತ್ತ ಇತಿಹಾಸದಲ್ಲಿ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದೆ. ನಮ್ಮ ಕಡೆಯ ಹಳೆಯ ಬಾವಿಗಳ ಶಾಸನಗಳು ನನ್ನ ವಿಷಯ. ಒಂದು ಶಾಸನದ ಕಲ್ಲು ಯಾವ ಜಾತಿಯದು ಎಂದು ಕೇಳಿ ಒಂದು ಸಾಲು ಬರೆದುಕೊಂಡು ಬರೋಣವೆಂದು ಅವರಲ್ಲಿಗೆ ಹೋಗಿದ್ದೆ. ಸಂಜೆಯವರೆಗೆ ಬಿಡಲಿಲ್ಲ. ಅಕ್ಷರ ಕೆತ್ತಿದವನ ಕೈ ಎಡವೋ ಬಲವೋ ತಿಳಿಯುತ್ತದೆಯೇ, ಬಾವಿ ತೋಡಿದ ಕಾಲದಲ್ಲಿ ಮಳೆ ಹೇಗಿತ್ತು, ಆಗ ಹೊಲದಲ್ಲಿ ಏನು ಬಿತ್ತುತ್ತಿದ್ದರು... ನನ್ನ ಮಾರ್ಗದರ್ಶಕರು ಕೇಳದ ಪ್ರಶ್ನೆಗಳನ್ನೆಲ್ಲ ಅವರು ಕೇಳಿದರು. ಯಾವುದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಅವರ ಬಳಿಯೂ ಇರಲಿಲ್ಲ. ಅದರಿಂದ ಅವರಿಗೆ ಭಾಳ ಸಂತೋಷವಾದಂತೆ ಕಂಡಿತು.

ಅವರ ಮನೆಯ ನೆಲ, ಗೋಡೆಗಂಟಿದ ಕಟ್ಟೆ, ಅಂಗಳ ಎಲ್ಲವೂ ಫರ್ಸಿಯದೇ. ಕೆಲವು ಕಲ್ಲುಗಳ ಮೇಲೆ ತೆರೆ ಎದ್ದಂಥ ಸಣ್ಣ ಗೆರೆಗಳಿದ್ದವು. ಊಟಕ್ಕೆ ಕೂತವರಿಗೆ ಅವರು ಅದನ್ನು ತೋರಿಸದೆ ಬಿಡುತ್ತಿರಲಿಲ್ಲ. "ನೋಡ್ರಿ, ನೀವು ಸಮುದ್ರದ ಮ್ಯಾಲೆ ಕುಂತು ರೊಟ್ಟಿ ತಿನ್ನಲಿಕತ್ತೀರಿ." ಅವರ ಹೆಂಡತಿ ಉರ್ದು ಶಾಲೆಯಲ್ಲಿ ಟೀಚರ್. ನಾವೆಲ್ಲ ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆವು. ಆ ಮಾತಿಗೆ ಅವರು ಒಳಗಿನಿಂದಲೇ, "ಹೌದಪಾ, ಒರೆಸಾಕಿಗೇ ಗೊತ್ತು ಸಮುದ್ರ ಎಷ್ಟು ದೊಡ್ಡದದ ಅಂತ" ಎನ್ನುತ್ತಿದ್ದರು.

ಒರೆಸುವ ಮಾತಿಗೆ ಕಾರಣವಿತ್ತು. ನನ್ನ ಪರಿಚಯವಾದ ಮೇಲೆ ಸರ್ ಹಳಗನ್ನಡದ ಲಿಪಿ ಕಲಿಯತೊಡಗಿದರು. ಹಾಳೆ ಹಿಡಿದು ಕಲಿಯುವವರಲ್ಲ. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದೊಂದು ಫರ್ಸಿಗೆ ಒಂದೊಂದು ಅಕ್ಷರ ಬರೆಯುತ್ತಿದ್ದರು. ಎದುರಿನಿಂದ ಆಪಾ ಒರೆಸುತ್ತ ಬರುತ್ತಿದ್ದರು. ನಿಮ್ಮ ಹಳೇ ಕನ್ನಡ ನನಗೆ ಯಾವಾಗಲೂ ಉಲ್ಟಾನೇ ಕಾಣುತ್ತದೆ ಎಂದು ಅವರ ತಕರಾರು. ಹಂಗಾದರೆ ಈ ಕಡೆ ಬಂದು ಕೂಡು ಎಂದು ಸರ್. ಆಮೇಲೆ ನೆಲ ಯಾರು ಒರೆಸಬೇಕು ಎಂದು ಆಪಾ.

ನಮ್ಮ ಜೊತೆ ಇನ್ನೊಬ್ಬಳಿದ್ದಳು, ಚಿಂಚೋಳಿಗೆ ಅಂಟಿಕೊಂಡ ಚಂದಾಪುರದವಳು. ನಾವು ಚಿಂಚೋಳಿಯವಳು ಎಂದೇ ಕರೆಯುತ್ತಿದ್ದೆವು. ಸಸ್ಯಶಾಸ್ತ್ರ ಓದುತ್ತಿದ್ದಳು. ಚಿಂಚೋಳಿ ಕಾಡಿನ ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವು ಅವಳ ವಿಷಯ. ಮಸಾಲೆಗೆ ಹಾಕುವ ಸಾಮಾನಿನ ಮೇಲೆ ಡಾಕ್ಟರೇಟ್ ಎಂದು ಅವಳ ಕಾಕಾ ನಗುತ್ತಿದ್ದನಂತೆ. ಕಲ್ಲುಹೂವು ಎಷ್ಟು ಅಗಲ ಬೆಳೆದಿದೆ ಎಂಬುದರಿಂದ ಆ ಕಲ್ಲು ಬಯಲಿಗೆ ಬಿದ್ದು ಎಷ್ಟು ಕಾಲವಾಯಿತೆಂದು ಅಂದಾಜು ಮಾಡಬಹುದೇ ಎಂದು ಸರ್‌ಗೆ ಆಸೆ ಹುಟ್ಟಿತು. ನನ್ನ ಅಕ್ಷರ, ಅವಳ ಕಲ್ಲುಹೂವು, ಅವರ ಕಲ್ಲು. ಮೂರೂ ಒಂದೇ ಶಾಸನದ ಮೇಲೆ ಕೂಡಿದರೆ ಏನು ಹೇಳುತ್ತವೆ... ಇದನ್ನು ಒಂದು ಸಭೆಯಲ್ಲಿ ಹೇಳಿದಾಗ, ಇದು ಯಾವ ವಿಭಾಗದ ಕೆಲಸ ಎಂದು ಯಾರೋ ಕೇಳಿದರು. ಸರ್ ಸಮಾಧಾನವಾಗಿ, "ಕಲ್ಲಿಗೆ ವಿಭಾಗ ಗೊತ್ತಿಲ್ರಿ, ಕೇಳಿ ಹೇಳ್ತೀನಿ" ಎಂದರು.

ಬೀಗರ ಪಾಳಿ ಅವರು ಹಚ್ಚಿದ ಪದ್ಧತಿ. ತಿರುಗಾಟಕ್ಕೆ ಹೋದಾಗ ಒಮ್ಮೊಮ್ಮೆ ನಮ್ಮ ನಮ್ಮ ಕೆಲಸ ಅದಲು ಬದಲಾಗಬೇಕು. ಅಕ್ಷರದವಳು ಕಲ್ಲು ನೋಡಬೇಕು, ಕಲ್ಲಿನವರು ಅಕ್ಷರ. ಗೊತ್ತಿರುವವರು ಬಾಯಿ ಬಿಡಬಾರದು, ಗೊತ್ತಿಲ್ಲದವರು ಕಂಡದ್ದನ್ನು ಕಂಡಂತೆ ಹೇಳಬೇಕು. "ನಮ್ಮ ಮನಿ ಜೇಡರ ಬಲಿ ನಮಗ ಕಾಣಂಗಿಲ್ಲ. ಬಂದ ಬೀಗರಿಗೆ ಒಳಗ ಕಾಲಿಡೂದ್ರಾಗ ಕಾಣ್ತದ" ಎಂಬುದು ಅವರ ತರ್ಕ. ಖರೆಯೂ ಆಗಿತ್ತು. ನನ್ನ ಕಣ್ಣಿಗೆ ಬಿರುಕೆಂದು ಕಂಡ ಒಂದು ಗೆರೆಯನ್ನು ಅಕ್ಷರದ ಕಾಲೆಂದು ತೋರಿಸಿಕೊಟ್ಟವಳು ಚಿಂಚೋಳಿಯವಳು.

ಶಹಾಬಾದ್ ಮತ್ತು ವಾಡಿಯ ನಡುವೆ ಕೆಲಸ ನಿಂತುಹೋದ ಒಂದು ಹಳೆಯ ಕಲ್ಲಿನ ಖಣಿ ಇದೆ. ಮೇಲೆ ತೊಗರಿ ಹೊಲ, ಆಳೆತ್ತರದ ಕರಿಮಣ್ಣು, ಅದರ ಕೆಳಗೆ ಪದರು ಪದರಾಗಿ ಕಲ್ಲಿನ ಗೋಡೆ. ಹೊಲದಂಚಿನಲ್ಲಿದ್ದ ಒಂದು ಶಾಸನದ ಕಲ್ಲು ಯಾವಾಗಲೋ ಜಾರಿ ಖಣಿಯ ತಳಕ್ಕೆ ಬಿದ್ದಿತ್ತು. ಗೋಡೆಯ ಬುಡದಲ್ಲಿ ಅಂಗಾತ ಮಲಗಿತ್ತು. ಬಾವಿ ಕಟ್ಟಿಸಿದ ವಿಷಯವೆಂದು ನಾನು ಹಿಂದಿನ ಸಲವೇ ಓದಿದ್ದೆ. ಯಾರು ಕಟ್ಟಿಸಿದ್ದು ಎಂಬ ಸಾಲು ಮಾತ್ರ ಮಣ್ಣಿನಲ್ಲಿ ಹೂತಿತ್ತು.

ಮೊದಲು ಹೋದಾಗಲೆಲ್ಲ ಸರ್ ಒಬ್ಬರೇ ಮೇಲಿನ ಅಂಚು ಸುತ್ತಿ ನೋಡಿ ಬಂದ ಮೇಲೆಯೇ ನಮ್ಮನ್ನು ಇಳಿಸುತ್ತಿದ್ದರು. ಅವತ್ತು ಬೀಗರ ಪಾಳಿ. ಅಕ್ಷರದ ಸರದಿ ಅವರದು. ಹೊಸದಾಗಿ ಓದಲು ಕಲಿತ ಮಗುವಿನ ಹಾಗೆ ಅವರು ಲಾರಿ ಇಳಿಯುತ್ತಿದ್ದ ಹಳೆಯ ಇಳಿಜಾರಿನಲ್ಲಿ ನೇರ ಇಳಿದುಬಿಟ್ಟರು. ಹಿಂದಿನ ದಿನ ಆ ಹೊಲಗಳಿಗಷ್ಟೇ ಜೋರು ಮಳೆಯಾಗಿತ್ತೆಂದು ನಮಗೆ ಗೊತ್ತಿರಲಿಲ್ಲ. ಕಲ್ಲನ್ನು ಓದಬಲ್ಲವರು ನಮ್ಮಲ್ಲಿ ಅವರೊಬ್ಬರೇ, ಅವರು ಅಂದು ಅಕ್ಷರ ಓದಲು ಕೂತಿದ್ದರು.

ನನ್ನ ಪಾಲಿಗೆ ಗೋಡೆ ನೋಡುವ ಸರದಿ ಬಂತು. ಗೋಡೆ ಪೂರ್ತಿ ಕಾಣಬೇಕಾದರೆ ದೂರ ನಿಲ್ಲು ಎಂದು ನನ್ನನ್ನು ಇಳಿಜಾರಿನ ಬುಡಕ್ಕೆ ಕಳಿಸಿದರು. ಚಿಂಚೋಳಿಯವಳಿಗೆ, "ನೀ ಇವತ್ತ ನಡುವಿನಾಕಿ. ಎರಡೂ ಕಡೆ ಬೀಗರು ಏನಂತಾರ ಬರಕೋ, ಜಗಳ ಬಿಡಸು" ಎಂದರು. ಅವಳು ನನ್ನ ಪಕ್ಕ ಬಂದು ನಿಂತಳು. ನಾನು ಗೋಡೆಯ ಫೋಟೊ ತೆಗೆದೆ, ಆಗ ಹನ್ನೊಂದೂ ಕಾಲು. ಅತ್ತ ಗೋಡೆಯ ಬುಡದಲ್ಲಿ, ಶಾಸನದ ಬಳಿ ಕೂತು ಸರ್ ಬೆರಳಿಟ್ಟು ಓದತೊಡಗಿದರು. ಬಾ... ವಿ... ಯಂ... ಮೂರು ಅಕ್ಷರ ಕೂಡಿದ್ದಕ್ಕೆ ತಮಗೆ ತಾವೇ ಶಭಾಷ್ ಎಂದುಕೊಂಡರು. ನಾವು ನಕ್ಕೆವು. ಹೆಸರು ಹುಡುಕಲು ಕೈಯಿಂದ ಮಣ್ಣು ಸರಿಸತೊಡಗಿದರು.

ನಾನು ಗೋಡೆಯನ್ನು ಮೇಲಿನಿಂದ ವರ್ಣಿಸಲು ಶುರುಮಾಡಿದೆ.

"ಸರ್, ಕರಿಮಣ್ಣಿನ ಕೆಳಗ ಒಂದು ಗೆರಿ ಅದ. ಅದರಾಗಿಂದ ನೀರು ಮುತ್ತಿನ ಸರದಂಗ ಇಳೀಲಿಕತ್ತದ. ಭಾಳ ಚಂದ ಕಾಣ್ತದ."

ಅವರ ಕೈ ನಿಂತಿತು. "ಗೆರಿ ಹಳೇದೇನು, ಹೊಸಾದೇನು?"

"ಹೊಸಾದು ಇದ್ದಂಗ ಅದ ಸರ್. ಅಂಚು ಬೆಳ್ಳಗ ಅವ."

ಅವರು ಕೂಗಲಿಲ್ಲ. ಪಾಠ ಹೇಳುವ ದನಿಯಲ್ಲೇ ಹೇಳಿದರು. "ಇಬ್ಬರೂ ಓಡ್ರಿ. ಮ್ಯಾಲೆ ನೋಡಬ್ಯಾಡ್ರಿ, ದಾರಿ ನೋಡ್ರಿ."

ನಾವು ಓಡಿದೆವು. ಬೆನ್ನ ಹಿಂದೆ ಬಿಸಿಲಿಗೆ ತೊಗರಿ ಕಾಯಿ ಸಿಡಿದಂತೆ ಚಟಚಟ ಸದ್ದು ಕೇಳಿತು. ಅಷ್ಟು ಸಣ್ಣ ಸದ್ದು. ಆಮೇಲಿನದು ಕಿವಿಗೆ ಕೇಳಿದ್ದಲ್ಲ, ಅಂಗಾಲಿಗೆ ತಾಗಿದ್ದು. ತಿರುಗಿದಾಗ ಬೂದು ಧೂಳು, ಆ ವಾಸನೆ... ಪಕ್ಕದ ಖಣಿಯ ಕೆಲಸದವರು ಹಾರೆ ಹಿಡಿದು ಓಡಿಬಂದರು. ನಾವೂ ಬರಿಗೈಯಲ್ಲಿ ಕಲ್ಲು ಎಳೆದೆವು. ಅವರು ನಮ್ಮನ್ನು ಹಿಡಿದು ಮೇಲೆ ಕೂರಿಸಿದರು. ಸರ್‌ರನ್ನು ಹೊರಗೆ ತೆಗೆದಾಗ ಜೀವವಿರಲಿಲ್ಲ.

ಮಣ್ಣಿಗೆ ಬಂದವರು, ಮಾತಾಡಿಸಲು ಬಂದವರು ಮನೆ ತುಂಬ ಇದ್ದರು. ನಾನು ಹೋದಾಗ ಆಪಾ ನೆಲವನ್ನೇ ನೋಡುತ್ತಿದ್ದರು. ಹಿಂದಿನ ದಿನ ಸರ್ ಬರೆದ ಅಕ್ಷರಗಳನ್ನು ಆ ಬೆಳಿಗ್ಗೆ ಶಾಲೆಯ ಅವಸರದಲ್ಲಿ ಒರೆಸಿರಲಿಲ್ಲವಂತೆ. ಬಂದವರ ಕಾಲಿಗೆ ಎಲ್ಲವೂ ಅಳಿಸಿಹೋಗಿದ್ದವು. ದಿನಾ ನಾನೇ ಅಳಿಸುತ್ತಿದ್ದೆ ಎಂದಷ್ಟೇ ಹೇಳಿದರು.

ಶ್ರದ್ಧಾಂಜಲಿ ಸಭೆಯಲ್ಲಿ ಹಿರಿಯರೊಬ್ಬರು, ಕಲ್ಲಿನ ಮನುಷ್ಯ ಅಕ್ಷರದ ಗೊಡವೆಗೆ ಹೋದದ್ದೇಕೆ, ತಮ್ಮ ಕೆಲಸ ತಾವು ಮಾಡಿಕೊಂಡಿದ್ದರೆ ಇವತ್ತು ಇರುತ್ತಿದ್ದರು ಎಂದರು. ಅವರು ಕೆಟ್ಟವರಲ್ಲ, ಅಳುತ್ತಲೇ ಹೇಳಿದರು. ಸುಳ್ಳೆನ್ನಲು ನನ್ನಿಂದಾಗಲಿಲ್ಲ. ಸರ್ ಗೋಡೆ ನೋಡಿದ್ದರೆ ಆ ಗೆರೆ ಅವರಿಗೆ ಎಂದೂ ಚಂದ ಕಾಣುತ್ತಿರಲಿಲ್ಲ. ಆದರೆ ಅಂಚು ಸುತ್ತಿ ಬಂದ ಮೇಲೂ ಗೋಡೆ ಬೀಳಬಹುದಿತ್ತು. ಆಗ ಶಾಸನದ ಬಳಿ ಮೊಣಕಾಲೂರಿ ಕೂತಿರುತ್ತಿದ್ದವಳು ನಾನು. ಅವರು ಕೂತದ್ದು ನನ್ನ ಜಾಗದಲ್ಲಿ...

ಇದನ್ನೇ ನಾನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ಗೋಡೆ. ಹತ್ತಿದ ನಿದ್ದೆ ಆ ಚಟಚಟ ಸದ್ದಿಗೆ ಹರಿದುಹೋಗುತ್ತಿತ್ತು. ಚಿಂಚೋಳಿಯವಳ ಪಾಡೂ ಅದೇ. ಅವಳು ಊರಿಗೆ ಹೋಗಿ ಕಲ್ಲುಹೂವಿನ ಕೆಲಸವನ್ನೇ ಬಿಟ್ಟಿದ್ದಳು. ನಡುರಾತ್ರಿಯಲ್ಲಿ ಫೋನ್ ಮಾಡುತ್ತಿದ್ದಳು.

ಮಳೆಗಾಲ ಕಳೆದು ತೊಗರಿ ಕಟಾವಾದ ಮೇಲೆ ಆಪಾ ಇಬ್ಬರನ್ನೂ ಕರೆಸಿದರು. ನನಗೆ ಆ ಜಾಗ ನೋಡಬೇಕು, ಅಂಚಿನಿಂದ ದೂರವೇ ನಿಲ್ಲೋಣ ಎಂದರು. ಖಣಿಯ ಆಚೆ ದಡದಲ್ಲಿ, ಬೇಲಿಯ ಹೊರಗೆ ಮೂವರೂ ನಿಂತೆವು. ಕುಸಿದ ಗೋಡೆಯ ಕೆಳಗೆ ಶಾಸನ ಪೂರ್ತಿ ಹೂತುಹೋಗಿತ್ತು. ಆಪಾ ಇಳಿಜಾರಿನಿಂದ ಗೋಡೆಯವರೆಗೆ ಕಣ್ಣಾಡಿಸಿದರು. ಆಮೇಲೆ ನನ್ನನ್ನು ಕೇಳಿದರು.

"ಬೇಟಾ, ಆ ಅಕ್ಷರ ಉಲ್ಟಾ ಅಲ್ಲ, ಸುಲ್ಟಾ ಓದಬೇಕಂದ್ರ ಯಾವ ಕಡೆ ಕುಂದರಬೇಕಿತ್ತು?"

ನಾನು ತೋರಿಸಿದೆ. ಕಲ್ಲಿನ ಆಚೆ ಬದಿಗೆ, ಗೋಡೆಗೆ ಬೆನ್ನು ಮಾಡಿ.

"ನೀವು ಓಡಿದ್ದು?"

ಚಿಂಚೋಳಿಯವಳು ಇಳಿಜಾರನ್ನು ತೋರಿಸಿದಳು.

"ಹಂಗಾದ್ರ ಅವರ ಮಾರಿ ನಿಮ್ಮ ಕಡೆ ಇತ್ತು" ಎಂದರು ಆಪಾ. "ಗೋಡಿ ಅವರು ನೋಡೇ ಇಲ್ಲ. ನೀವು ಮ್ಯಾಲೆ ಹತ್ತಿದ್ದು ನೋಡ್ಯಾರ."

ಶಾಸನ ಓದುವುದನ್ನೇ ಕಲಿತವಳು ನಾನು. ಅಷ್ಟು ದಿನ ನೆನಪಿನಲ್ಲಿ ಗೋಡೆಯನ್ನೇ ನೋಡುತ್ತ ನಿಂತಿದ್ದೆ, ಅವರು ಯಾವ ಕಡೆ ತಿರುಗಿ ಕೂತಿದ್ದರೆಂದು ಒಮ್ಮೆಯೂ ನೋಡಿರಲಿಲ್ಲ. ಉಲ್ಟಾ ಅಕ್ಷರಗಳನ್ನು ಒರೆಸುತ್ತ ಬಂದ ಆಪಾಗೆ ಅದು ಕಂಡಿತು. ಚಿಂಚೋಳಿಯವಳು ಬೇಲಿಯ ಕಂಬ ಹಿಡಿದು ಅತ್ತಳು. ಬೀಗರ ಪಾಳಿ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ದಿನ ಆಪಾ ನಮ್ಮನ್ನು ಊರಿಗೆ ಹೋಗಗೊಡಲಿಲ್ಲ. ರೊಟ್ಟಿ, ಪುಂಡಿ ಪಲ್ಯ ಬಡಿಸಿ, ಆ ಫರ್ಸಿಯ ನೆಲದ ಮೇಲೆಯೇ ಹಾಸಿಕೊಟ್ಟರು. ಕಣ್ಣು ತೆರೆದಾಗ ಕಿಟಕಿಯಿಂದ ಬಿಸಿಲು ಬಂದಿತ್ತು. ಮೊದಲಿಗೆ ನನಗೆ ಗಾಬರಿಯೇ ಆಯಿತು, ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಪಕ್ಕದಲ್ಲಿ ಚಿಂಚೋಳಿಯವಳು ಬಾಯಿ ತೆರೆದು ಮಲಗಿದ್ದಳು. ಆಪಾ ಅಡುಗೆಮನೆಯ ಹೊಸ್ತಿಲಲ್ಲಿ, ಹಿಂದಿನ ದಿನದ ಸೀರೆಯಲ್ಲೇ ಕೂತಿದ್ದರು. ಅವರ ಹಾಸಿಗೆ ಮಡಚಿದ್ದು ಮಡಚಿದಂತೆಯೇ ಇತ್ತು.

"ನಿದ್ದಿ ಬಂತಾ ಬೇಟಾ?"

"ಬಂತು ಆಪಾ."

"ಛಲೋ ಆತು" ಎಂದು ಚಹಾಕ್ಕೆ ನೀರಿಡಲು ಎದ್ದರು.

ಪಕ್ಕದ ಮನೆಯ ನೆಲ ನಿನ್ನೆ ಮುಗಿಯಿತು. ಬಾವಿ ಕಟ್ಟಿಸಿದವರ ಹೆಸರಿರಬೇಕಾದ ಜಾಗ ನನ್ನ ಪ್ರಬಂಧದಲ್ಲಿ ಖಾಲಿಯಾಗಿಯೇ ಉಳಿಯಿತು. ಚಿಂಚೋಳಿಯವಳು ಮತ್ತೆ ಕಾಡಿಗೆ ಹೋಗುತ್ತಿದ್ದಾಳೆ. ಆ ಫರ್ಸಿಯ ನೆಲದ ಮೇಲೆ ಮಲಗಿದ ರಾತ್ರಿಯಿಂದ ನನಗೂ ನಿದ್ದೆ ಬರುತ್ತದೆ. ಆಪಾಗೆ ಬರುತ್ತದೆಯೋ ಇಲ್ಲವೋ... ಹೋದಾಗಲೆಲ್ಲ ಕೇಳಬೇಕೆಂದುಕೊಳ್ಳುತ್ತೇನೆ, ಕೇಳದೆ ಬರುತ್ತೇನೆ.