ಹೊಸ ಫೋನಿಗೆ ಯಾರ ಸರದಿ?

ಪಕ್ಕದ ಮನೆಗೆ ಹೋಗುವಾಗ ಹೆಂಗಸರು ಸಾಮಾನ್ಯವಾಗಿ ಏನು ಒಯ್ಯುತ್ತಾರೆ? ಒಂದು ಬಟ್ಟಲು ಪಾಯಸ, ನಾಲ್ಕು ಚಕ್ಕುಲಿ. ನಮ್ಮ ಅತ್ತೆ ಫೋನಿನ ಚಾರ್ಜರ್ ಒಯ್ಯುತ್ತಾರೆ.

ಪ್ರತಿ ಚಳಿಗಾಲ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಒಮಾನಿನ ನಿಜ್ವಾಕ್ಕೆ, ನಮ್ಮ ಮನೆಗೆ, ಬರುವ ಅತ್ತೆಗೆ ಇಲ್ಲೊಬ್ಬ ಗೆಳತಿ ಸಿಕ್ಕಿದ್ದಾರೆ. ಕಾಂಪೌಂಡಿನಾಚೆಯ ಒಮಾನಿ ಮನೆಯ ಹಿರಿಯಾಕೆ, ಉಮ್ ಸಾಲಿಂ. ಅಂದರೆ ಸಾಲಿಮನ ತಾಯಿ. ಅವರಿಗೆ ಅರಬ್ಬಿ ಬಿಟ್ಟು ಬೇರೆ ಬಾರದು. ಅತ್ತೆಗೆ ಕನ್ನಡ ಬಿಟ್ಟರೆ ಕನ್ನಡವೇ. ನಡುವೆ ನನ್ನ ಮಗಳು ಹಾಕಿಕೊಟ್ಟ ಅನುವಾದದ ಆ್ಯಪ್. ಇವರು ಕನ್ನಡದಲ್ಲಿ ಹೇಳಿದ್ದನ್ನು ಅದು ಅರಬ್ಬಿಯಲ್ಲಿ ನುಡಿಯುತ್ತದೆ, ಅವರದ್ದನ್ನು ಕನ್ನಡದಲ್ಲಿ.

"ಅಜ್ಜಿ, ಸ್ಪೀಕ್ ಸ್ಲೋಲಿ" ಎಂದು ಮಗಳು ಪಾಠ ಮಾಡಿದ್ದಳು. ಅಂದಿನಿಂದ ಅತ್ತೆ ಫೋನಿನ ಎದುರು ವಾರ್ತೆ ಓದುವವರ ಹಾಗೆ ಮಾತಾಡುತ್ತಾರೆ. "ನಿಮ್ಮ ಸೊಸೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ?" (ಸೊಸೆಯರ ವಿಷಯ ಯಾವ ಭಾಷೆಯಲ್ಲಾದರೂ ಮೊದಲು ಬರುತ್ತದೆ.)

ಚಾರ್ಜರ್ ಯಾಕೆಂದರೆ, ಆ ಫೋನು ಮೂರು ಕೈ ದಾಟಿ ಬಂದದ್ದು. ನಮ್ಮಲ್ಲಿ ಹೊಸ ಫೋನು ಮೊದಲು ನನ್ನ ಗಂಡ ರಘು ಅವರಿಗೆ. ಅವರ ಹಳೆಯದು ನನಗೆ. ನನ್ನದು ಮಗಳಿಗೆ. ಮಗಳು ಇನ್ನು ಮುಟ್ಟುವುದಿಲ್ಲ ಎಂದದ್ದು ಅತ್ತೆಗೆ. ಯಾರೋ ಕೂತು ಮಾಡಿದ ಕಾನೂನಲ್ಲ, ತಾನಾಗಿ ಬಂದ ಪದ್ಧತಿ. ಗಲ್ಫಿನಲ್ಲಿ ಎಷ್ಟೋ ಮನೆಗಳದ್ದು ಇದೇ ಕಥೆ. ನಾವು ರಜೆಗೆ ಟಿಕೆಟ್ ಮಾಡುವ ಮೊದಲೇ ಊರಿನ ಭಾವಮೈದ ನಮ್ಮ ಹಳೆಯ ಫೋನನ್ನು ಬುಕ್ ಮಾಡಿರುತ್ತಾನೆ.

ತೊಂದರೆ ಏನೆಂದರೆ, ಕ್ಯೂ ಮುಂದೆ ಸರಿಯಬೇಕಾದರೆ ಮೊದಲು ನಿಂತವರು ಸರಿಯಬೇಕು. ನಮ್ಮವರು ಸರಿಯುವ ಪೈಕಿ ಅಲ್ಲ. ಒಂದು ಮಾಡೆಲ್ ಬಂದರೆ, "ಈಗ್ಲೇ ಬೇಡ ಕಣೇ, ಮುಂದಿಂದು ಬರ್ಲಿ, ಇದ್ರ ರೇಟ್ ಇಳಿಯುತ್ತೆ" ಅನ್ನುತ್ತಾರೆ. ಮುಂದಿನದು ಬಂದರೆ, "ಇದ್ರಲ್ಲಿ ಕ್ಯಾಮೆರಾ ಬಿಟ್ರೆ ಹೊಸದೇನಿಲ್ಲ." ಮಗಳಿಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ. ಅಷ್ಟಕ್ಕೂ ಅವರ ಫೋನು ದಿನವಿಡೀ ಮಾಡುವ ಘನ ಕೆಲಸ ಯಾವುದು ಗೊತ್ತೆ? ಫೋನುಗಳ ಬಗ್ಗೆ ವಿಡಿಯೊ ತೋರಿಸುವುದು.

ಈ ನಡುವೆ ಪಕ್ಕದ ಮನೆಯಲ್ಲಿ ಬೇರೆಯೇ ಚಿಂತೆ. ಉಮ್ ಸಾಲಿಂ ಅವರ ಎರಡೂ ಮಂಡಿ ಸವೆದಿವೆ. ಗೋಡೆ ಹಿಡಿಯದೆ ಬಾತ್‌ರೂಮಿಗೂ ಹೋಗಲಾರರು. ಬೆಂಗಳೂರಿನಲ್ಲಿ ಆಪರೇಷನ್ ಎಂದು ಮಕ್ಕಳು ಎಲ್ಲ ಗೊತ್ತು ಮಾಡಿದ್ದರು. ಅವರು ಒಲ್ಲೆ ಎಂದರು. ಯಾಕೆ ಎಂದರೆ ಉತ್ತರವಿಲ್ಲ. "ಟಿಕೆಟ್ ಆಗಿದೆ, ಅಮ್ಮ ಖಲಾಸ್, ಹೋಗಲ್ಲ ಅಂತ ಕೂತುಬಿಟ್ಟಿದ್ದಾರೆ" ಎಂದು ಸಾಲಿಂ ನಮ್ಮವರ ಹತ್ತಿರ ಹಿಂದಿಯಲ್ಲಿ ಅಲವತ್ತುಕೊಂಡಿದ್ದ.

ನಮ್ಮ ಅತ್ತೆಗೆ ಮಂಡಿ ಬದಲಾಯಿಸಿ ಮೂರು ವರ್ಷವಾಯಿತು. ಕೇಳಬೇಕೆ? ಬೆಳಿಗ್ಗೆ ಆ ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಅತ್ತೆಯ ಕೌನ್ಸೆಲಿಂಗ್ ಶುರು. ಪ್ಲಗ್ ಪಾಯಿಂಟಿನ ಪಕ್ಕವೇ ಇಬ್ಬರ ಕುರ್ಚಿ. ಸೀರೆ ಸರಿಸಿ ಹೊಲಿಗೆಯ ಗುರುತು ತೋರಿಸಿದರಂತೆ. ಅವರ ಮನೆಯ ಮೆಟ್ಟಿಲು ಹತ್ತಿ ಇಳಿದು ತೋರಿಸಿದರಂತೆ.

ಕಳೆದ ಬುಧವಾರ ಉಮ್ ಸಾಲಿಂ ಕೊನೆಗೂ ಬಾಯಿ ಬಿಟ್ಟರು. ಅವರ ಭಯ ನೋವಿನದಲ್ಲ. ಆಪರೇಷನ್ ಆದ ಮೇಲೆ ನೆಲಕ್ಕೆ ಹಣೆ ಹಚ್ಚಿ ನಮಾಜು ಮಾಡಲು ಆಗುತ್ತದೆಯೇ? ಇಷ್ಟೇ ಪ್ರಶ್ನೆ. ಡಾಕ್ಟರನ್ನು ಕೇಳಲು ಸಂಕೋಚ. ಮಕ್ಕಳ ಮುಂದೆ ಎತ್ತಲು ಇಷ್ಟವಿಲ್ಲ. ಮಂಡಿ ಬದಲಾಯಿಸಿಕೊಂಡ ಇನ್ನೊಬ್ಬ ಹೆಂಗಸನ್ನು ಕೇಳಿದರು.

ಅತ್ತೆ ಉತ್ತರ ಹೇಳಬೇಕು ಅನ್ನುವಷ್ಟರಲ್ಲಿ, ಚಾರ್ಜರ್ ಚುಚ್ಚಿದ್ದರೂ ಫೋನು ಆಫ್ ಆಯಿತು.

ಸಂಜೆ ನಾನು ಶಾಲೆಯ ಕೆಲಸ ಮುಗಿಸಿ ಬಂದು ನೋಡಿದರೆ, ಬ್ಯಾಟರಿಯದ್ದು ಮಾತ್ರ ತಕರಾರಲ್ಲ. ಹೇಗೋ ಆನ್ ಮಾಡಿದ ಮೇಲೂ ಆ್ಯಪ್ ತೆರೆಯಲಿಲ್ಲ. ಇಷ್ಟು ಹಳೆಯ ಫೋನಿನಲ್ಲಿ ತಾನಿನ್ನು ನಡೆಯುವುದಿಲ್ಲ ಎಂದು ಅದು ಬರೆದುಕೊಂಡು ಕೂತಿತ್ತು.

"ನಾಳೆ ನನ್ನ ಫೋನ್ ಬಿಟ್ಟು ಹೋಗ್ಲಾ ಅತ್ತೆ?" ಎಂದೆ.

"ಒಂದಿನದ ಮಾತಲ್ಲ ಕಣಮ್ಮ ಇದು. ಅವ್ರು ಇನ್ನೂ ಕೇಳ್ತಾರೆ. ಅಲ್ಲಿ ಆಸ್ಪತ್ರೇಲಿ ಮಲಗಿದ್ದಾಗ್ಲೂ ಕೇಳ್ತಾರೆ."

"ಸನ್ನೆ ಮಾಡಿ ಹೇಳ್ಬಹುದಿತ್ತಲ್ಲ?"

"ಆಗಲ್ಲ ಅಂತ ಕೈ ಆಡಿಸಿ ಎದ್ದು ಬಂದ್ಬಿಡ್ಲಾ? ಆಗಲ್ಲ ಅಂದ್ಮೇಲೆ ಇನ್ನೂ ನಾಲ್ಕು ಮಾತು ಹೇಳೋದಿರುತ್ತೆ."

ಮರುದಿನ ಅತ್ತೆ ಪಕ್ಕದ ಮನೆಗೆ ಹೋಗಲೇ ಇಲ್ಲ. ಉತ್ತರ ಹೇಳಲಾಗದೆ ಯಾವ ಮುಖ ಹೊತ್ತು ಹೋಗಲಿ ಎಂದರು. ಆ ಕಡೆ ಸಾಲಿಂ ಟಿಕೆಟ್ ಕ್ಯಾನ್ಸಲ್ ಮಾಡುವ ಮಾತಾಡುತ್ತಿದ್ದ.

ಅದೇ ಗುರುವಾರ ಸಂಜೆ ನಮ್ಮವರು ನಗುತ್ತಾ ಬಾಗಿಲು ತೆಗೆದು ಬಂದರು. ಕೈಯಲ್ಲಿ ಡಬ್ಬ. ಇಷ್ಟು ಕಾಲದ ಸಂಶೋಧನೆ ಮುಗಿದು ಕೊನೆಗೂ ಹೊಸ ಫೋನು ಕೊಂಡಿದ್ದರು. ಮೇಜಿನ ಮೇಲಿಟ್ಟು ಡಬ್ಬ ತೆರೆಯುವ ಮುನ್ನ ನಾನು ಹೇಳಿಯೇಬಿಟ್ಟೆ.

"ರೀ, ಇದು ಅತ್ತೆಗೆ ಇರ್ಲಿ."

"ಅಮ್ಮಂಗೆ ಇಷ್ಟೆಲ್ಲ ಯಾಕೆ? ಮಗಳದ್ದು ಕೊಟ್ರೆ ಸಾಕಲ್ವಾ? ಅದ್ರಲ್ಲೂ ಆ್ಯಪ್ ನಡೆಯುತ್ತೆ."

"ಇನ್ನೊಂದು ವರ್ಷಕ್ಕೆ ಅದೂ ಹೀಗೇ ಕೈ ಕೊಡುತ್ತೆ. ಈ ಮನೇಲಿ ಫೋನ್ ಇಲ್ದೆ ಕೆಲಸ ನಿಂತಿರೋದು ಯಾರ್ದು ಹೇಳಿ?"

ನಮ್ಮವರು ಅಮ್ಮನ ಕಡೆ ನೋಡಿದರು. ಅತ್ತೆ ಹಳೆಯ ಫೋನನ್ನು ಮಡಿಲಲ್ಲಿಟ್ಟುಕೊಂಡು ಅದರ ಬಟನ್ ಒತ್ತುತ್ತಲೇ ಇದ್ದರು. ನಮ್ಮವರು ಡಬ್ಬ ತೆರೆದು, ಪರದೆಯ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆಯದೆ ಹೊಸ ಫೋನನ್ನು ಅಮ್ಮನ ಕೈಯಲ್ಲಿಟ್ಟರು. (ಆ ಪ್ಲಾಸ್ಟಿಕ್ ಸುಲಿಯುವುದೇ ಅರ್ಧ ಸುಖ ಎಂದು ಬಲ್ಲವರಿಗೆ ಈ ತ್ಯಾಗದ ತೂಕ ಗೊತ್ತು. ನನ್ನ ಗಂಡನನ್ನು ಇಲ್ಲಿ ಹೊಗಳದಿದ್ದರೆ ಅನ್ಯಾಯ.)

ಶುಕ್ರವಾರ ಮಧ್ಯಾಹ್ನ ಆ ಮನೆಯ ಗಂಡಸರು ಮಸೀದಿಗೆ ಹೋದ ಹೊತ್ತಿಗೆ ಅತ್ತೆ ಹೊರಟರು. ರಜೆಯಾದ್ದರಿಂದ ನಾನೂ ಜೊತೆಗೆ ಹೋದೆ. ಉಮ್ ಸಾಲಿಂ ಖರ್ಜೂರದ ತಟ್ಟೆ ಮುಂದಿಟ್ಟರು. ಅತ್ತೆ ಅದನ್ನು ಮುಟ್ಟಲಿಲ್ಲ. ಫೋನು ಬಾಯಿಯ ಹತ್ತಿರ ಹಿಡಿದು, ವಾರ್ತೆಯ ದನಿಯಲ್ಲಿ ಹೇಳಿದರು.

"ನಾನು ಸುಳ್ಳು ಹೇಳುವುದಿಲ್ಲ. ನನಗೆ ನೆಲದ ಮೇಲೆ ಕೂರಲು ಆಗುವುದಿಲ್ಲ. ನಿಮಗೂ ಕಷ್ಟವೇ. ನಾನು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡುತ್ತೇನೆ. ಮೊದಮೊದಲು ಅಳು ಬರುತ್ತಿತ್ತು."

ಫೋನು ಅರಬ್ಬಿಯಲ್ಲಿ ನುಡಿಯಿತು. ಉಮ್ ಸಾಲಿಂ ತಲೆ ತಗ್ಗಿಸಿದರು. ಅತ್ತೆ ಮುಂದುವರಿಸಿದರು.

"ಆಪರೇಷನ್ನಿಗೆ ಮುಂಚೆ ದೇವರ ಮುಂದೆ ಕುಳಿತರೆ ನನಗೆ ಮಂಡಿಯದೇ ನೆನಪು. ಈಗ ಕುಳಿತರೆ ದೇವರ ನೆನಪು ಬರುತ್ತದೆ."

ಇದನ್ನು ಫೋನು ಹೇಳಿ ಮುಗಿಸಿದ ಮೇಲೆ ಉಮ್ ಸಾಲಿಂ ತಲೆವಸ್ತ್ರದ ಅಂಚಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅವರು ಅತ್ತೆಯ ಕೈಯಿಂದ ಫೋನು ತೆಗೆದುಕೊಂಡು ಏನೋ ಕೇಳಿದರು. ಫೋನು ಕನ್ನಡದಲ್ಲಿ ಹೇಳಿತು: "ಆ ಕುರ್ಚಿಗೆ ಕೈಗಳು ಇರಬೇಕೇ?"

"ಇರಬೇಕು. ಏಳಲು ಬೇಕಾಗುತ್ತದೆ" ಎಂದರು ಅತ್ತೆ. ಆಮೇಲೆ ಖರ್ಜೂರ ಬಾಯಿಗೆ ಹಾಕಿಕೊಂಡರು.

ಮುಂದಿನ ವಾರ ಉಮ್ ಸಾಲಿಂ ಬೆಂಗಳೂರಿಗೆ ಹೊರಟಿದ್ದಾರೆ.

ನಾನು ಈ ಊರಿಗೆ ಬಂದು ವರ್ಷಗಳೇ ಆದವು. ಇಂಗ್ಲಿಷ್ ಇದೆ, ಹಿಂದಿ ಇದೆ, ಹರಕುಮುರುಕು ಅರಬ್ಬಿಯೂ ಇದೆ. ಆದರೂ ಗೋಡೆಯಾಚೆಯ ಆ ಹೆಂಗಸಿನ ಜೊತೆ ನಾನು ಆಡಿದ್ದು ಸಲಾಂ ಒಂದೇ. ಕನ್ನಡವೊಂದೇ ಬಲ್ಲ ಅತ್ತೆ, ಎಲ್ಲರೂ ಬಿಟ್ಟ ಫೋನು ಹಿಡಿದು, ಹೆತ್ತ ಮಕ್ಕಳಿಗೂ ಹೇಳದ ಮಾತನ್ನು ಅವರಿಂದ ಹೊರಡಿಸಿದರು. ಇಂಥವರ ಸೊಸೆ ಎನ್ನುವುದು ನನಗೆ ಹೆಮ್ಮೆ. (ಇದನ್ನು ಓದಿ ಹೇಳಿದರೆ, "ಮೊದ್ಲು ಬೆಳಿಗ್ಗೆ ಬೇಗ ಏಳು" ಅನ್ನುತ್ತಾರೆ. ಇರಲಿ.)

ಫೋನು ಯಾವಾಗ ಬದಲಾಯಿಸಬೇಕು ಎಂದು ತಿಳಿಸುವ ವಿಡಿಯೊಗಳಿಗೆ ಬರವಿಲ್ಲ. ಬ್ಯಾಟರಿ ನೋಡಿ, ಸ್ಪೀಡ್ ನೋಡಿ, ಆಫರ್ ನೋಡಿ ಎನ್ನುತ್ತವೆ. ನಾನು ಕೇಳುವುದು ಒಂದೇ.

ನಿಮ್ಮ ಮನೆಯ ಅತಿ ಹಳೆಯ ಫೋನು ಈಗ ಯಾರ ಕೈಯಲ್ಲಿದೆ?